ವೆಸ್ಟ್ ಪಾಯಿಂಟ್ ಆಡದೇ ಬಿಟ್ಟ ಪಂದ್ಯಗಳು

ಐದು ಪಂದ್ಯ, ಮೂರು ಗೆಲುವು, ಎರಡು ಸೋಲು. ಗಳಿಸಿದ ಅಂಕ 57, ಬಿಟ್ಟುಕೊಟ್ಟಿದ್ದು 32. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಫುಟ್‌ಬಾಲ್ ದಾಖಲೆಯಲ್ಲಿ 1909ನೇ ಇಸವಿಯ ಸಾಲು ಇಷ್ಟಕ್ಕೇ ಮುಗಿಯುತ್ತದೆ. ಅಕ್ಟೋಬರ್ 2ರಂದು ಶುರುವಾದ ಋತು ಅಕ್ಟೋಬರ್ 30ಕ್ಕೆ ನಿಂತೇಹೋಯಿತು. ನವೆಂಬರ್ ತಿಂಗಳ ಪಂದ್ಯಗಳು ನಡೆಯಲಿಲ್ಲ. ದೇಶವೇ ಕಾದು ಕೂರುತ್ತಿದ್ದ ನೌಕಾ ಅಕಾಡೆಮಿ ಎದುರಿನ ವಾರ್ಷಿಕ ಹಣಾಹಣಿಯೂ ನಡೆಯಲಿಲ್ಲ. ಮಳೆಯಾಗಲಿ ಯುದ್ಧವಾಗಲಿ ಇದಕ್ಕೆ ಕಾರಣವಲ್ಲ. ಯೂಜೀನ್ ಬರ್ನ್ ಎಂಬ ಕೆಡೆಟ್ ಮೈದಾನದಲ್ಲಿ ಬಿದ್ದವನು ಮತ್ತೆ ಏಳಲಿಲ್ಲ. ಅಕಾಡೆಮಿ ತನ್ನ ಆಟವನ್ನು ಅಲ್ಲಿಗೇ ನಿಲ್ಲಿಸಿತು.

ಗೆದ್ದ ಋತುಗಳ ಕಥೆ ಹೇಳಲು ಎಲ್ಲರಿಗೂ ಇಷ್ಟ. ವೆಸ್ಟ್ ಪಾಯಿಂಟ್‌ಗೂ ಅಂಥ ಕಥೆಗಳು ಬೇಕಾದಷ್ಟಿವೆ. ಆದರೆ ಆಟವನ್ನು ಪ್ರೀತಿಸುವವರು, ಮಕ್ಕಳನ್ನು ಮೈದಾನಕ್ಕೆ ಕಳಿಸುವವರು ತಿಳಿದುಕೊಳ್ಳಬೇಕಾದದ್ದು ಈ ಅರ್ಧ ಋತುವಿನ ಕಥೆಯನ್ನು. ಸಾವಿಗೆ ಎದೆಗೊಡುವುದನ್ನೇ ಕಲಿಸುವ ಸಂಸ್ಥೆಯೊಂದು, ಆಟದಲ್ಲಿ ಬಂದ ಸಾವಿಗೆ ವೀರಮರಣದ ಹೆಸರು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಆ ನಿರ್ಧಾರವು ಅದೇ ವರ್ಷದ ಇನ್ನೆರಡು ದುರಂತಗಳ ಜೊತೆ ಸೇರಿ ಅಮೆರಿಕನ್ ಫುಟ್‌ಬಾಲಿನ ನಿಯಮಗಳನ್ನೇ ತಿದ್ದಿಸಿತು.

ಕವಾಯತು ಬಯಲಿನ ಆಟ

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ, ಹಡ್ಸನ್ ನದಿಯ ತಿರುವಿನಲ್ಲಿ, ಬಂಡೆಗಳ ಮೇಲಿನ ಎತ್ತರದ ಜಾಗದಲ್ಲಿ ವೆಸ್ಟ್ ಪಾಯಿಂಟ್ ಸಿಗುತ್ತದೆ. ಅಕಾಡೆಮಿ ಸ್ಥಾಪನೆಯಾದದ್ದು 1802ರಲ್ಲಿ. ನಾಲ್ಕು ವರ್ಷ ಇಲ್ಲಿ ಓದಿ, ಕವಾಯತು ಮಾಡಿ ಹೊರಬಂದವರು ಸೇನೆಯ ಅಧಿಕಾರಿಗಳಾಗುತ್ತಾರೆ. ಅಮೆರಿಕದ ಅಂತರ್ಯುದ್ಧದಲ್ಲಿ ಎದುರುಬದುರಾಗಿ ನಿಂತ ಗ್ರಾಂಟ್ ಮತ್ತು ಲೀ ಇಬ್ಬರೂ ಇಲ್ಲಿಯ ಹಳೆಯ ವಿದ್ಯಾರ್ಥಿಗಳೇ. ಅಕಾಡೆಮಿಯ ನಡುವಿನ ವಿಶಾಲ ಬಯಲಿಗೆ ‘ದಿ ಪ್ಲೇನ್’ ಎಂದು ಹೆಸರು. ಕವಾಯತು ನಡೆಯುತ್ತಿದ್ದ ಆ ಬಯಲಿನಲ್ಲೇ ಆಗ ಫುಟ್‌ಬಾಲ್ ಪಂದ್ಯಗಳೂ ನಡೆಯುತ್ತಿದ್ದವು.

ಈ ಆಟ ಅಲ್ಲಿ ಬೇರೂರಲು ಕಾರಣನಾದವನು ಡೆನಿಸ್ ಮೈಕಿ. ಅಕಾಡೆಮಿಯ ಪ್ರಾಧ್ಯಾಪಕರೊಬ್ಬರ ಮಗ. ಆಟ ಗೊತ್ತಿದ್ದ ಬೆರಳೆಣಿಕೆಯ ಗೆಳೆಯರನ್ನು ಇಟ್ಟುಕೊಂಡು ತಂಡ ಕಟ್ಟಿದ. 1890ರ ನವೆಂಬರ್ 29ರಂದು ನೌಕಾ ಅಕಾಡೆಮಿಯ ಹುಡುಗರನ್ನು ಇದೇ ಬಯಲಿನಲ್ಲಿ ಎದುರಿಸಿದ. ನೌಕಾ ತಂಡ 24–0ರಿಂದ ಗೆದ್ದಿತು. ಮರುವರ್ಷ ಸೇನಾ ತಂಡ ಅವರದೇ ಊರಾದ ಅನಾಪೊಲಿಸ್‌ಗೆ ಹೋಗಿ 32–16ರಿಂದ ಸೇಡು ತೀರಿಸಿಕೊಂಡಿತು. ಮೈಕಿ 1898ರಲ್ಲಿ, ಸ್ಪೇನ್ ವಿರುದ್ಧದ ಯುದ್ಧದಲ್ಲಿ, ಕ್ಯೂಬಾದ ನೆಲದಲ್ಲಿ ಗುಂಡಿಗೆ ಬಲಿಯಾದ. 1924ರಲ್ಲಿ ತೆರೆದ ವೆಸ್ಟ್ ಪಾಯಿಂಟ್‌ನ ಕ್ರೀಡಾಂಗಣಕ್ಕೆ ಅವನದೇ ಹೆಸರು.

ಎರಡು ಅಕಾಡೆಮಿಗಳ ಪೈಪೋಟಿ ಎಷ್ಟು ಬಿಸಿಯೇರಿತೆಂದರೆ, 1893ರ ಪಂದ್ಯದ ನಂತರ ಹಿರಿಯ ಅಧಿಕಾರಿಗಳ ನಡುವೆಯೇ ಜಗಳವೆದ್ದು 1894ರಿಂದ 1898ರವರೆಗೆ ಪಂದ್ಯವೇ ನಡೆಯಲಿಲ್ಲ. ಅದೇ 1893ರ ಪಂದ್ಯದಲ್ಲಿ ಇನ್ನೊಂದು ಸಂಗತಿ ನಡೆಯಿತು. ನೌಕಾ ತಂಡದ ಜೋಸೆಫ್ ರೀವ್ಸ್‌ಗೆ ತಲೆಗೆ ಏಟಿನ ಮೇಲೆ ಏಟು ಬಿದ್ದಿದ್ದವು. ಇನ್ನೊಂದು ಬಿದ್ದರೆ ಬುದ್ಧಿಯೋ ಪ್ರಾಣವೋ ಹೋಗುತ್ತದೆಂದು ವೈದ್ಯರು ಎಚ್ಚರಿಸಿದ್ದರು. ಆತ ಅನಾಪೊಲಿಸ್‌ನಲ್ಲಿ ಪಾದರಕ್ಷೆ ಹೊಲಿಯುವವನೊಬ್ಬನ ಬಳಿ ಹೋಗಿ ಚರ್ಮದ ಟೋಪಿಯೊಂದನ್ನು ಮಾಡಿಸಿಕೊಂಡು ಆಡಲು ಬಂದ. ಈ ಆಟದ ಮೊದಲ ಹೆಲ್ಮೆಟ್ ಎಂದು ಹೇಳುವುದು ಅದನ್ನೇ. ರೀವ್ಸ್ ಮುಂದೆ ಅಡ್ಮಿರಲ್ ಆಗಿ ಅಮೆರಿಕದ ನೌಕಾಪಡೆಯ ದಂಡನಾಯಕನಾದ. ಕಾಲೇಜು ಆಟಗಾರರಿಗೆ ಹೆಲ್ಮೆಟ್ ಕಡ್ಡಾಯವಾದದ್ದು ಮಾತ್ರ 1939ರಲ್ಲಿ. ಒಬ್ಬ ಹುಡುಗ ತನ್ನ ತಲೆ ಉಳಿಸಿಕೊಳ್ಳಲು ಕಂಡುಕೊಂಡ ದಾರಿ ನಿಯಮವಾಗಲು 46 ವರ್ಷ ಹಿಡಿಯಿತು.

ರಣತಂತ್ರ ಮೈದಾನಕ್ಕಿಳಿದಾಗ

ನಾವು ಬಲ್ಲ ಕಾಲ್ಚೆಂಡಾಟ ಇದಲ್ಲ. ಇಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿ ದಾಟಬೇಕು. ಒಂದೊಂದು ಕಡೆ 11 ಜನ. 1909ರ ನಿಯಮದಂತೆ ಮೂರು ಪ್ರಯತ್ನಗಳಲ್ಲಿ 10 ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಗಡಿ ದಾಟಿದರೆ, ಅಂದರೆ ಟಚ್‌ಡೌನ್ ಆದರೆ, 5 ಅಂಕ. ಚೆಂಡು ಹಿಡಿದವನನ್ನು ಎದುರಾಳಿಗಳು ನೆಲಕ್ಕೆ ಕೆಡವಬೇಕು. ಕಬಡ್ಡಿಯಲ್ಲಿ ರೈಡರ್ ಮೇಲೆ ನಾಲ್ಕೈದು ಮಂದಿ ಬಿದ್ದಾಗ ಆಗುವ ರಾಶಿಯನ್ನು ನೆನಪಿಸಿಕೊಳ್ಳಿ. ವ್ಯತ್ಯಾಸವೆಂದರೆ, ಇಲ್ಲಿ ರೈಡರ್ ಒಂಟಿಯಲ್ಲ. ಅವನ ತಂಡದವರೇ ಹಿಂದಿನಿಂದ ತಳ್ಳುತ್ತ, ಮುಂದಿನಿಂದ ಎಳೆಯುತ್ತ, ತೋಳಿಗೆ ತೋಳು ಹೆಣೆದುಕೊಂಡು ಅವನೊಂದಿಗೆ ನುಗ್ಗುತ್ತಿದ್ದರು. ಎಳೆಯಲು ಅನುಕೂಲವಾಗಲೆಂದು ಆಟಗಾರನ ಉಡುಪಿಗೆ ಚರ್ಮದ ಹಿಡಿಕೆ ಹೊಲಿಸುತ್ತಿದ್ದ ತಂಡಗಳೂ ಇದ್ದವು.

ಹೀಗೆ ಗುಂಪಾಗಿ ನುಗ್ಗುವ ಆಟಕ್ಕೆ ಬಲ ಬಂದದ್ದು ಯುದ್ಧಶಾಸ್ತ್ರದಿಂದ. ಲೋರಿನ್ ಡೆಲ್ಯಾಂಡ್ ಎಂಬುವರು ಒಂದು ದಿನವೂ ಫುಟ್‌ಬಾಲ್ ಆಡಿದವರಲ್ಲ. ಚದುರಂಗದ ಹುಚ್ಚು, ನೆಪೋಲಿಯನ್ನನ ದಂಡಯಾತ್ರೆಗಳ ಅಧ್ಯಯನ ಅವರ ಹವ್ಯಾಸ. ಶತ್ರುವಿನ ಸಾಲಿನ ಒಂದೇ ಬಿಂದುವಿನ ಮೇಲೆ ಇಡೀ ಬಲವನ್ನು ಕೇಂದ್ರೀಕರಿಸಿದರೆ ಸಾಲು ಒಡೆಯುತ್ತದೆ ಎಂಬ ರಣನೀತಿಯನ್ನು ಅವರು ಮೈದಾನಕ್ಕೆ ತಂದರು. 1892ರಲ್ಲಿ ಯೇಲ್ ವಿರುದ್ಧ ಹಾರ್ವರ್ಡ್ ಹುಡುಗರು ಎರಡು ಕಡೆಯಿಂದ ಓಡಿಬಂದು, ಬಾಣದ ಮೊನೆಯಂತೆ ಕೂಡಿಕೊಂಡು, ಒಬ್ಬನೇ ಎದುರಾಳಿಯ ಮೇಲೆ ಎರಗಿದರು. ಈ ‘ಹಾರುವ ಬೆಣೆ’ಯನ್ನು 1894ರಲ್ಲೇ ನಿಷೇಧಿಸಲಾಯಿತು. ಆದರೆ ಅದರ ಹಿಂದಿನ ಯೋಚನೆ ಉಳಿಯಿತು. ದುರ್ಬಲನನ್ನೋ ದಣಿದವನನ್ನೋ ಗುರುತಿಸಿ, ಎಲ್ಲರೂ ಸೇರಿ ಅವನ ಮೇಲೆಯೇ ಮತ್ತೆ ಮತ್ತೆ ಬೀಳುವುದು ಎಲ್ಲ ತಂಡಗಳ ತಂತ್ರವಾಯಿತು.

ರಣರಂಗದಲ್ಲಿ ಈ ನೀತಿಗೆ ಒಂದು ಅರ್ಥವಿದೆ. ಅಲ್ಲಿ ಎದುರಿನವನು ಶತ್ರು. ಮೈದಾನದಲ್ಲಿ ಎದುರಿಗಿರುವವನು ಇನ್ನೊಂದು ಕಾಲೇಜಿನ ಹುಡುಗ. 1905ರ ಒಂದೇ ಋತುವಿನಲ್ಲಿ 18 ಮಂದಿ ಸತ್ತರೆಂದು ಅಂದಿನ ಪತ್ರಿಕೆಗಳು ಲೆಕ್ಕ ಕೊಟ್ಟವು. ಹೆಚ್ಚಿನವರು ಶಾಲೆ-ಕಾಲೇಜಿನ ಹುಡುಗರು. ಆ ವರ್ಷದ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸರಿಪಡಿಸಿಕೊಳ್ಳಿ ಎಂದರು. ಅವರಿಗೆ ಆಟದ ಮೇಲೆ ದ್ವೇಷವಿರಲಿಲ್ಲ, ಅಭಿಮಾನವಿತ್ತು. ಅವರ ಮಗನೂ ಹಾರ್ವರ್ಡ್‌ನಲ್ಲಿ ಆಡುತ್ತಿದ್ದ. ಕೊಲಂಬಿಯಾ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ಕೈಬಿಟ್ಟಿತು. ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ರಗ್ಬಿಗೆ ಹೊರಳಿದವು.

1906ರಲ್ಲಿ ಹೊಸ ನಿಯಮಗಳು ಬಂದವು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯಲು ಮೊದಲ ಬಾರಿಗೆ ಅನುಮತಿ ಸಿಕ್ಕಿತು. ಆಟ ಮೈದಾನದ ಉದ್ದಗಲಕ್ಕೆ ಹರಡಿಕೊಂಡರೆ ಗುಂಪು ತಾನಾಗಿಯೇ ಚದುರೀತು ಎಂಬುದು ಆಶಯ. ಆದರೆ ಆ ಅನುಮತಿಗೆ ನೂರೆಂಟು ಷರತ್ತು. ಎಸೆದ ಚೆಂಡು ಯಾರನ್ನೂ ಮುಟ್ಟದೆ ನೆಲಕ್ಕೆ ಬಿದ್ದರೆ ಎದುರಾಳಿಯ ಪಾಲಾಗುತ್ತಿತ್ತು. ಇಂಥ ಅಪಾಯಕ್ಕೆ ಕೈಹಾಕುವ ಕೋಚ್‌ಗಳು ಕಡಿಮೆ. ಹೆಚ್ಚಿನವರು ಹಳೆಯ ನುಗ್ಗಾಟವನ್ನೇ ನೆಚ್ಚಿಕೊಂಡರು. ಸುಧಾರಣೆಗೆಂದು ಅದೇ ವರ್ಷ ಹುಟ್ಟಿದ ಕಾಲೇಜುಗಳ ಒಕ್ಕೂಟಕ್ಕೆ ಮೊದಲ ಅಧ್ಯಕ್ಷರಾದವರು ಕ್ಯಾಪ್ಟನ್ ಪಾಮರ್ ಪಿಯರ್ಸ್. ವೆಸ್ಟ್ ಪಾಯಿಂಟ್‌ನ ಪ್ರತಿನಿಧಿ. ಆಟವನ್ನು ಸುರಕ್ಷಿತಗೊಳಿಸುವ ಸಭೆಗಳಿಗೆ ಹೀಗೆ ಸೇನಾ ಅಕಾಡೆಮಿಯ ಅಧಿಕಾರಿಯದೇ ಮುಂದಾಳತ್ವವಿತ್ತು. ಮೂರು ವರ್ಷಗಳ ನಂತರ ಸಾವು ಬಂದು ನಿಂತದ್ದು ಅವರದೇ ಅಕಾಡೆಮಿಯ ಅಂಗಳದಲ್ಲಿ.

ಅಕ್ಟೋಬರ್ 30, ಶನಿವಾರ

1909ರ ಸೇನಾ ತಂಡಕ್ಕೆ ಹ್ಯಾರಿ ನೆಲ್ಲಿ ಕೋಚ್. ಟಫ್ಟ್ಸ್ ಕಾಲೇಜನ್ನು 22–0, ಟ್ರಿನಿಟಿಯನ್ನು 17–6ರಿಂದ ಸೋಲಿಸಿ ಋತು ಆರಂಭವಾಯಿತು. ಮೂರನೆಯ ಶನಿವಾರ ಯೇಲ್ ಎದುರು 0–17ರ ಸೋಲು. ಆ ವರ್ಷ ಯೇಲ್ ವಿರುದ್ಧ ಇಡೀ ಋತುವಿನಲ್ಲಿ ಒಂದೇ ಒಂದು ಅಂಕವನ್ನೂ ಯಾರಿಂದಲೂ ಗಳಿಸಲಾಗಲಿಲ್ಲ. ನಾಲ್ಕನೆಯ ವಾರ ಲೀಹೈ ವಿರುದ್ಧ 18–0ರ ಗೆಲುವು. ಐದನೆಯ ವಾರ ಹಾರ್ವರ್ಡ್ ತಂಡ ಹಡ್ಸನ್ ದಂಡೆಗೆ ಬಂತು. ಪರ್ಸಿ ಹಾಟನ್ ಅವರ ಗರಡಿಯಲ್ಲಿ ಪಳಗಿದ್ದ ಆ ತಂಡ ಆ ಋತುವಿನಲ್ಲಿ ಸೋತದ್ದು ಯೇಲ್‌ಗೆ ಮಾತ್ರ.

ಯೂಜೀನ್ ಬರ್ನ್ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದವನು. ನಾಲ್ಕನೆಯ ವರ್ಷದ ಕೆಡೆಟ್. ಅಧಿಕಾರಿಯಾಗಿ ಹೊರಬೀಳಲು ಕೆಲವೇ ತಿಂಗಳು ಬಾಕಿ. ತಂಡದಲ್ಲಿ ಅವನದು ಟ್ಯಾಕಲ್ ಸ್ಥಾನ. ಎದುರಾಳಿಯ ಓಟಗಾರ ಯಾವ ಕಡೆಯಿಂದ ಸಾಲು ಒಡೆಯಲು ಬರುತ್ತಾನೋ ಆ ಕಡೆಯ ಪೆಟ್ಟನ್ನೆಲ್ಲ ಮೈಮೇಲೆ ಹಾಕಿಕೊಳ್ಳುವ ಜಾಗ ಅದು. ಮಂಡಿ ಮಡಚಿ, ಸೊಂಟ ಬಾಗಿಸಿ, ತಲೆ ಮುಂದೆ ಮಾಡಿ ನಿಲ್ಲಬೇಕು. ಎದುರಿನ ಸಾಲಿಗೂ ತನಗೂ ನಡುವೆ ಇರುವ ಅಂತರ ಒಂದು ಚೆಂಡಿನ ಉದ್ದದಷ್ಟು. ಚೆಂಡು ಕದಲಿದ ಕ್ಷಣವೇ ಎದುರಿನ ನಾಲ್ಕೈದು ಮೈಗಳು ಒಂದಾಗಿ ಅದೇ ಜಾಗಕ್ಕೆ ಬಂದು ಅಪ್ಪಳಿಸುತ್ತವೆ. ಅವರನ್ನು ತಡೆಯಲು ಇತ್ತ ಕಡೆಯವರೂ ಅಲ್ಲಿಗೇ ಧಾವಿಸುತ್ತಾರೆ. ಎರಡೂ ಕಡೆಯ ಭಾರ ಕೆಳಗೆ ಸಿಕ್ಕವನ ಕತ್ತು, ಬೆನ್ನುಗಳ ಮೇಲೆ ಬೀಳುತ್ತದೆ.

ಇದರ ಜೊತೆಗೆ ಇನ್ನೊಂದು ನಿಯಮವೂ ಇತ್ತು. ಒಮ್ಮೆ ಮೈದಾನ ಬಿಟ್ಟು ಹೊರಬಂದ ಆಟಗಾರ ಆ ಪಂದ್ಯದಲ್ಲಿ ಮತ್ತೆ ಒಳಗೆ ಹೋಗುವಂತಿರಲಿಲ್ಲ. ಸ್ವಲ್ಪ ಹೊತ್ತು ಕೂತು ಉಸಿರು ತಿರುಗಿಸಿಕೊಂಡು ಬರುತ್ತೇನೆ ಎನ್ನುವಂತಿಲ್ಲ. ತಂಡದ ಮೇಲೆ ಪ್ರೀತಿಯಿದ್ದವನು ಎಷ್ಟೇ ದಣಿದರೂ, ಏಟು ತಿಂದರೂ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತಿದ್ದ. ಕೆಡೆಟ್ಟರ ತಂಡದಲ್ಲಂತೂ ಸೋತೆನೆಂದು ಕೈಯೆತ್ತಿ ಹೊರಬರುವ ಮಾತೇ ಇಲ್ಲ.

ದ್ವಿತೀಯಾರ್ಧದಲ್ಲಿ ಹಾರ್ವರ್ಡ್ 9–0ರಿಂದ ಮುಂದಿತ್ತು. ಬರ್ನ್ ನಿಂತಿದ್ದ ಕಡೆಗೆ ಗುಂಪು ನುಗ್ಗಿತು. ಅವನು ಅದಕ್ಕೆ ಮೈಯೊಡ್ಡಿದ. ರಾಶಿ ಚದುರಿ ಒಬ್ಬೊಬ್ಬರೇ ಎದ್ದಾಗ ಎಲ್ಲರಿಗಿಂತ ಕೆಳಗಿದ್ದ ಬರ್ನ್ ಏಳಲಿಲ್ಲ. ಕತ್ತಿನ ಮೇಲ್ಭಾಗದ ಮೂಳೆ ಮುರಿದು ಜಾರಿತ್ತು. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಲಾಯಿತು. ರಾತ್ರಿಯಿಡೀ ವೈದ್ಯರು ಅವನ ಉಸಿರನ್ನು ಉಳಿಸಲು ಹೋರಾಡಿದರು. ಮರುದಿನ, ಅಕ್ಟೋಬರ್ 31ರ ಭಾನುವಾರ, ಅವನು ತೀರಿಕೊಂಡ.

ಅಂದು ಯಾರೂ ನಿಯಮ ಮುರಿದಿರಲಿಲ್ಲ ಎಂಬುದನ್ನು ಮರೆಯಬಾರದು. ಹಾರ್ವರ್ಡ್ ಆಟಗಾರರು ದುಷ್ಟರಲ್ಲ. ಅವರು ಕಲಿತ ಆಟವನ್ನು ಆಡಿದರು. ಬರ್ನ್‌ಗೆ ಧೈರ್ಯವೂ ಕಡಿಮೆಯಿರಲಿಲ್ಲ, ಕೌಶಲವೂ ಕಡಿಮೆಯಿರಲಿಲ್ಲ. ತಪ್ಪು ಆಟದ ಕಟ್ಟಳೆಯಲ್ಲೇ ಇತ್ತು.

ನಿಲ್ಲಿಸುವ ಧೈರ್ಯ

ಅಕಾಡೆಮಿಯ ಮುಖ್ಯಸ್ಥರಾಗಿದ್ದವರು ಕರ್ನಲ್ ಹ್ಯೂ ಸ್ಕಾಟ್. ದಶಕಗಳ ಕಾಲ ಪಶ್ಚಿಮದ ಬಯಲುಸೀಮೆಯಲ್ಲಿ ಅಶ್ವದಳದಲ್ಲಿದ್ದವರು. ಅಲ್ಲಿಯ ಮೂಲನಿವಾಸಿಗಳ ಕೈಸನ್ನೆಯ ಭಾಷೆಯನ್ನು ಆಳವಾಗಿ ಬಲ್ಲವರು. ಸಾವು ಅವರಿಗೆ ಹೊಸದಲ್ಲ. ಅವರ ಕಾಲದ ವೆಸ್ಟ್ ಪಾಯಿಂಟ್ ಆ ಋತುವಿನ ಉಳಿದ ಪಂದ್ಯಗಳನ್ನೆಲ್ಲ ರದ್ದುಮಾಡಿತು. ಹಿಂದಿನ ವರ್ಷ ಸೇನಾ ತಂಡ 6–4ರಿಂದ ಸೋಲಿಸಿದ್ದ ನೌಕಾ ತಂಡದೊಂದಿಗಿನ ಪಂದ್ಯವೂ ಅದರಲ್ಲಿ ಸೇರಿತ್ತು. 1899ರಿಂದ ವರ್ಷ ತಪ್ಪದೆ ನಡೆದುಬಂದಿದ್ದ ಆ ಹಣಾಹಣಿಗೆ ಒಬ್ಬ ಕೆಡೆಟ್‌ನ ಸಾವು ತೆರೆ ಎಳೆಯಿತು.

ಅದೇ ಅಕ್ಟೋಬರ್‌ನಲ್ಲಿ ನೌಕಾ ಅಕಾಡೆಮಿಯಲ್ಲೂ ದುಃಖ ಕವಿದಿತ್ತು. ವಿಲನೋವಾ ವಿರುದ್ಧದ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಅರ್ಲ್ ವಿಲ್ಸನ್‌ನ ಕತ್ತು ಮುರಿದಿತ್ತು. ಪಾರ್ಶ್ವವಾಯುವಿಗೆ ತುತ್ತಾಗಿ ಮಲಗಿದ ಅವನು 1910ರ ಏಪ್ರಿಲ್‌ನಲ್ಲಿ ಪ್ರಾಣ ಬಿಟ್ಟ. ನವೆಂಬರ್ 13ರಂದು ಜಾರ್ಜ್‌ಟೌನ್ ಎದುರು ಆಡುತ್ತಿದ್ದ ವರ್ಜೀನಿಯಾ ವಿಶ್ವವಿದ್ಯಾಲಯದ ಆರ್ಚರ್ ಕ್ರಿಶ್ಚಿಯನ್ ತಲೆಗೆ ಪೆಟ್ಟಾಗಿ ಮರುದಿನ ಸತ್ತ. ವರ್ಜೀನಿಯಾ, ಜಾರ್ಜ್‌ಟೌನ್ ಎರಡೂ ತಮ್ಮ ಋತುವನ್ನು ಅಲ್ಲಿಗೇ ಮುಗಿಸಿದವು. ಅಂತರ್ಯುದ್ಧದಲ್ಲಿ ದಕ್ಷಿಣದ ಕಡೆಯ ಹೆಸರಾಂತ ಅಶ್ವದಳ ನಾಯಕರಾಗಿದ್ದ ಜಾನ್ ಮಾಸ್ಬಿ ಅವರು ವರ್ಜೀನಿಯಾದ ಹಳೆಯ ವಿದ್ಯಾರ್ಥಿ. ವಿದ್ಯೆ ಕಲಿಸುವ ಜಾಗದಲ್ಲಿ ಇಂಥ ಆಟಕ್ಕೆ ಎಡೆಯಿರಬಾರದು ಎಂದು ಆ ವೃದ್ಧ ಯೋಧ ಬರೆದರು. ಯುದ್ಧ ಕಂಡವರೇ ಹೀಗೆ ಹೇಳಿದಾಗ, ಆಟವನ್ನು ಟೀಕಿಸುವವರೆಲ್ಲ ಪುಕ್ಕಲರು ಎಂಬ ವಾದ ನಿಲ್ಲಲಿಲ್ಲ. 1909ರಲ್ಲಿ ದೇಶದಾದ್ಯಂತ 26 ಮಂದಿ ಫುಟ್‌ಬಾಲ್‌ನಿಂದ ಸತ್ತರೆಂಬುದು ಅಂದಿನ ಲೆಕ್ಕ. 1906ರ ತೇಪೆ ಸಾಕಾಗಿರಲಿಲ್ಲ.

ಕಾಗದದ ಮೇಲೆ ಬದಲಾದದ್ದು

1910ರ ನಿಯಮಗಳನ್ನು ಓದಿದರೆ, ಒಂದೊಂದರ ಹಿಂದೆಯೂ ಹಿಂದಿನ ವರ್ಷದ ನೆತ್ತರು ಕಾಣುತ್ತದೆ. ಚೆಂಡು ಹಿಡಿದವನನ್ನು ಅವನ ತಂಡದವರು ತಳ್ಳುವಂತಿಲ್ಲ, ಎಳೆಯುವಂತಿಲ್ಲ. ತೋಳು ಹೆಣೆದು ನುಗ್ಗುವಂತಿಲ್ಲ. ದಾಳಿ ಮಾಡುವ ತಂಡದ ಕನಿಷ್ಠ ಏಳು ಮಂದಿ ಮುಂದಿನ ಸಾಲಿನಲ್ಲೇ ಇರಬೇಕು. ಹಿಂದೆ ಗುಂಪು ಕಟ್ಟಿಕೊಂಡು ಓಡಿಬರಲು ಜನವೇ ಇರಬಾರದು ಎಂಬುದು ಇದರ ಉದ್ದೇಶ. ನೆಲದಿಂದ ಕಾಲು ಬಿಟ್ಟು ಹಾರಿ ಕೆಡವುವುದು ನಿಷಿದ್ಧ. ಎರಡು ದೀರ್ಘ ಅವಧಿಗಳ ಬದಲು 15 ನಿಮಿಷಗಳ ನಾಲ್ಕು ಅವಧಿ. ಇನ್ನೂ ಒಂದು ಬದಲಾವಣೆ: ಹೊರಹೋದ ಆಟಗಾರ ಮುಂದಿನ ಅವಧಿಯ ಆರಂಭದಲ್ಲಿ ಮರಳಿ ಬರಬಹುದು.

ಈ ಕೊನೆಯದು ಚಿಕ್ಕದಾಗಿ ಕಾಣಬಹುದು. ನನಗೆ ಮಾತ್ರ ಎಲ್ಲಕ್ಕಿಂತ ಮಾನವೀಯವಾಗಿ ಕಂಡದ್ದು ಇದೇ. ದಣಿದವನು ದಣಿದೆ ಎನ್ನಲು, ಪೆಟ್ಟು ತಿಂದವನು ಸ್ವಲ್ಪ ಕೂರುತ್ತೇನೆ ಎನ್ನಲು ಅದು ದಾರಿ ಮಾಡಿಕೊಟ್ಟಿತು. ಹೊರಹೋದರೆ ತಂಡಕ್ಕೆ ದ್ರೋಹ ಎಂಬ ಭಾರ ಅವನ ಹೆಗಲಿನಿಂದ ಇಳಿಯಿತು.

1912ರಲ್ಲಿ ಇನ್ನಷ್ಟು ತಿದ್ದುಪಡಿಗಳಾದವು. 10 ಗಜಕ್ಕೆ ಮೂರರ ಬದಲು ನಾಲ್ಕು ಪ್ರಯತ್ನ, ಟಚ್‌ಡೌನ್‌ಗೆ 6 ಅಂಕ, ಮೈದಾನದ ಉದ್ದ 110ರಿಂದ 100 ಗಜಕ್ಕೆ ಇಳಿಕೆ. ಮುಂದಕ್ಕೆ ಎಸೆದ ಚೆಂಡು 20 ಗಜ ಮೀರಬಾರದು ಎಂಬ ಮಿತಿಯೂ ಹೋಯಿತು. ಗಾಯಗಳು ಇದರಿಂದ ಪೂರ್ತಿ ನಿಲ್ಲಲಿಲ್ಲ. ಆ ವರ್ಷದ ನವೆಂಬರ್‌ನಲ್ಲೇ ಸೇನಾ ತಂಡದ ಕೆಡೆಟ್ ಡ್ವೈಟ್ ಐಸೆನ್‌ಹೋವರ್ ಟಫ್ಟ್ಸ್ ವಿರುದ್ಧ ಮಂಡಿಗೆ ಪೆಟ್ಟು ಮಾಡಿಕೊಂಡು ಆಟಗಾರನಾಗಿ ಮುಗಿದೇಹೋದ; ಸೇನೆಯ ಹುದ್ದೆಯೇ ಕೈತಪ್ಪುವ ಸ್ಥಿತಿ ಬಂದಿತ್ತು. ಮುಂದೆ ಮಹಾಯುದ್ಧದ ಸೇನಾಪತಿಯೂ ದೇಶದ ಅಧ್ಯಕ್ಷನೂ ಆದದ್ದು ಅದೇ ಹುಡುಗ.

ಆದರೆ ಆಟದ ಸ್ವಭಾವ ಬದಲಾಗಿತ್ತು. ಅದಕ್ಕೆ ಸಾಕ್ಷಿಯೂ ಅದೇ ವೆಸ್ಟ್ ಪಾಯಿಂಟ್ ಬಯಲು. 1913ರ ನವೆಂಬರ್ 1ರಂದು ಇಂಡಿಯಾನಾ ರಾಜ್ಯದ ನಾಟರ್ ಡೇಮ್ ತಂಡ ಅಲ್ಲಿಗೆ ಬಂತು. ಪೂರ್ವದ ಕಡೆಯ ಜನ ಆ ಹೆಸರನ್ನು ಅಷ್ಟಾಗಿ ಕೇಳಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಗಸ್ ಡೊರೇ ಮತ್ತು ಗೆಳೆಯ ನೂಟ್ ರಾಕ್ನಿ ಆ ಬೇಸಿಗೆಯಲ್ಲಿ ಒಹಾಯೋದ ಸೀಡರ್ ಪಾಯಿಂಟ್ ಎಂಬಲ್ಲಿ ಕೆಲಸ ಮಾಡುತ್ತ, ಬಿಡುವಿನಲ್ಲಿ ಓಡುತ್ತಲೇ ಚೆಂಡು ಎಸೆಯುವುದನ್ನೂ ಹಿಡಿಯುವುದನ್ನೂ ಅಭ್ಯಾಸ ಮಾಡಿದ್ದರು. ನುಗ್ಗಾಟಕ್ಕೆ ಸಜ್ಜಾಗಿ ನಿಂತಿದ್ದ ಸೇನಾ ತಂಡದ ತಲೆಯ ಮೇಲಿಂದ ಚೆಂಡು ಹಾರಿತು. ಸೇನಾ ತಂಡ 13–35ರಿಂದ ಸೋತಿತು. ಹೀಗೆ ಎಸೆದು ಆಡಿದವರಲ್ಲಿ ನಾಟರ್ ಡೇಮ್ ಮೊದಲಿಗರೇನಲ್ಲ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದವರು 1906ರಲ್ಲೇ ಎಸೆದಿದ್ದರು. ಆದರೆ ಹೊಸ ನಿಯಮದಲ್ಲಿ ಎಂಥ ಆಟ ಸಾಧ್ಯ ಎಂಬುದನ್ನು ದೇಶದ ಗಮನಕ್ಕೆ ತಂದದ್ದು ಈ ಪಂದ್ಯ.

ಸೇನಾ ತಂಡ ಸೋಲಿನಿಂದ ಕಲಿಯಿತು. ಚಾರ್ಲ್ಸ್ ಡೇಲಿ ಕೋಚ್ ಆಗಿದ್ದ ಆ ತಂಡ ನಾಲ್ಕು ವಾರಗಳ ನಂತರ, ನವೆಂಬರ್ 29ರಂದು, ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ನೌಕಾ ತಂಡವನ್ನು 22–9ರಿಂದ ಸೋಲಿಸಿತು. ವರ್ನನ್ ಪ್ರಿಚರ್ಡ್ ಎಸೆದ, ಲೂಯಿಸ್ ಮೆರಿಲಾಟ್ ಹಿಡಿದ. ಅದಕ್ಕೆ ಹಿಂದಿನ ಮೂರು ವರ್ಷವೂ ನೌಕಾ ತಂಡವೇ ಗೆದ್ದಿತ್ತು. ಸೇನಾ ತಂಡದ ಆ ಋತುವಿನ ಲೆಕ್ಕ ಎಂಟು ಗೆಲುವು, ಒಂದು ಸೋಲು.

ನಿಯಮ ಯಾರ ಹೊಣೆ?

1909 ಮತ್ತು 1913ರ ನಡುವೆ ಹುಡುಗರು ಬದಲಾಗಿರಲಿಲ್ಲ. ಅದೇ ವಯಸ್ಸು, ಅದೇ ಶಿಸ್ತು, ಗೆಲ್ಲಬೇಕೆಂಬ ಅದೇ ಹಟ. ಬದಲಾದದ್ದು ನಿಯಮ. ಒಂದು ನಿಯಮ ಅವರ ಧೈರ್ಯವನ್ನು ಕತ್ತು ಮುರಿಯುವ ಕಡೆಗೆ ತಳ್ಳಿತ್ತು. ಇನ್ನೊಂದು ಅದೇ ಧೈರ್ಯವನ್ನು ಓಟ, ನೋಟ, ಎಸೆತಗಳ ಕಡೆಗೆ ತಿರುಗಿಸಿತು. ಸುರಕ್ಷತೆ ಬಂದರೆ ಆಟದ ಕಸುವು ಹೋಗುತ್ತದೆ ಎಂದು ಅಂದು ವಾದಿಸಿದವರಿದ್ದರು. ಆದದ್ದು ತದ್ವಿರುದ್ಧ. ಇಂದು ಅಮೆರಿಕನ್ನರು ಮುಗಿಬಿದ್ದು ನೋಡುವ ಫುಟ್‌ಬಾಲ್, ಆ ತಿದ್ದುಪಡಿಗಳು ಕೊಟ್ಟ ಆಟವೇ.

ಕ್ರಿಕೆಟ್ ನೋಡುವ ನಮಗೆ ಇದು ದೂರದ ಮಾತಲ್ಲ. 1998ರಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್ ಸಮೀಪ ಫೀಲ್ಡಿಂಗ್‌ಗೆ ನಿಂತಿದ್ದ ರಮಣ್ ಲಾಂಬಾ ಅವರನ್ನು ಚೆಂಡಿನ ಏಟಿನಿಂದ ಕಳೆದುಕೊಂಡೆವು. 2014ರಲ್ಲಿ ಸಿಡ್ನಿಯಲ್ಲಿ ಬೌನ್ಸರ್ ತಗುಲಿ ಫಿಲಿಪ್ ಹ್ಯೂಸ್ ತೀರಿಕೊಂಡರು. ತಲೆಗೆ ಪೆಟ್ಟಾದವನ ಬದಲು ಅಂಥದೇ ಇನ್ನೊಬ್ಬ ಆಟಗಾರನನ್ನು ಇಳಿಸಬಹುದು ಎಂಬ ನಿಯಮ ಅಂತಾರಾಷ್ಟ್ರೀಯ ಕ್ರಿಕೆಟ್‌ಗೆ ಬಂದದ್ದು 2019ರಲ್ಲಿ. ಅಲ್ಲಿಯವರೆಗೂ ಪೆಟ್ಟು ತಿಂದ ಬ್ಯಾಟ್ಸ್‌ಮನ್ ಎದುರಿಗಿದ್ದದ್ದು 1909ರ ಕೆಡೆಟ್ ಎದುರಿಗಿದ್ದ ಇಕ್ಕಟ್ಟೇ: ಹೊರಹೋದರೆ ತಂಡಕ್ಕೆ ನಷ್ಟ, ನಿಂತರೆ ತನಗೆ ಅಪಾಯ. ಅಂಥ ಆಯ್ಕೆಯನ್ನು ಆಟಗಾರನ ಮುಂದೆ ಇಡುವುದೇ ತಪ್ಪು. ಇಪ್ಪತ್ತರ ಹುಡುಗ ಯಾವಾಗಲೂ ತಂಡವನ್ನೇ ಆರಿಸಿಕೊಳ್ಳುತ್ತಾನೆ.

ಆದ್ದರಿಂದ ಶಾಲೆಯ ಮೈದಾನವಿರಲಿ, ದೊಡ್ಡ ಕ್ರೀಡಾಂಗಣವಿರಲಿ, ಆಟ ನಡೆಸುವವರನ್ನು ನಾವು ಕೇಳಬೇಕಾದ ಪ್ರಶ್ನೆ ಸರಳ. ಪೆಟ್ಟಾದಾಗ ಆಟ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ, ಮರುದಿನ ನಿಯಮವನ್ನು ಕೈಗೆತ್ತಿಕೊಂಡು ಓದುವವರು ಯಾರು? ಮಕ್ಕಳ ಧೈರ್ಯವನ್ನು ಹೊಗಳಿ ಸುಮ್ಮನಾಗುವುದು ಸುಲಭ. ಆ ಧೈರ್ಯ ಎಲ್ಲಿ ಸುರಕ್ಷಿತವಾಗಿ ಖರ್ಚಾಗಬೇಕು ಎಂದು ಗೊತ್ತುಮಾಡುವುದು ಹಿರಿಯರ ಕೆಲಸ. ವೆಸ್ಟ್ ಪಾಯಿಂಟ್ 1909ರಲ್ಲಿ ಆ ಕೆಲಸವನ್ನು ತಡವಾಗಿ, ಒಂದು ಜೀವ ಹೋದಮೇಲೆ ಮಾಡಿತು. ನಮ್ಮ ಮೈದಾನಗಳಲ್ಲಿ ಅದನ್ನು ಜೀವ ಹೋಗುವ ಮೊದಲೇ ಮಾಡಬಹುದು, ಮಾಡಬೇಕು.